ರ‍್ಯಾಂಕ್ ಇಲ್ಲದ ಶಾಲೆಯಲ್ಲೊಂದು ವಾರ

ಶುಕ್ರವಾರ ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಸರಿಯಾಗಿ ನನ್ನ ಫೋನು ‘ಟಿಣ್’ ಎನ್ನುತ್ತದೆ. ಮಗಳ ಶಾಲೆಯಿಂದ ಬರುವ ವಾರಪತ್ರ. ಆ ವಾರ ಶಾಲೆಯಲ್ಲಿ ಏನಾಯಿತು, ಮುಂದಿನ ವಾರ ಏನಿದೆ ಎಂಬ ಎರಡು ಪುಟದ ಇ-ಮೇಲ್.

ಮೊದಲ ವರ್ಷ ಆ ಪತ್ರವನ್ನು ನಾನು ಓದುತ್ತಿದ್ದ ರೀತಿಯೇ ಬೇರೆ. ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಹುಡುಕುತ್ತಿದ್ದೆ: ಯಾರು ಫಸ್ಟು? ಯಾರಿಗೆ ಎಷ್ಟು ಮಾರ್ಕ್ಸು? ನಮ್ಮವಳ ಹೆಸರು ಎಲ್ಲಿ? ಸಿಗುತ್ತಿದ್ದದ್ದು ಇಷ್ಟೇ. ಬ್ಯಾಡ್ಮಿಂಟನ್ ಕ್ಲಬ್ ಮಂಗಳವಾರಕ್ಕೆ ಬದಲಾಗಿದೆ. ಆರ್ಕೆಸ್ಟ್ರಾಕ್ಕೆ ಚೆಲ್ಲೊ ನುಡಿಸುವವರು ಬೇಕಾಗಿದ್ದಾರೆ. ಆಫೀಸಿನಲ್ಲಿ ಒಂಟಿ ಕೈಗವಸುಗಳ ರಾಶಿ ಬಿದ್ದಿದೆ, ದಯವಿಟ್ಟು ಬಂದು ಗುರುತಿಸಿ. ಫುಡ್ ಬ್ಯಾಂಕಿಗೆ ಪಾಸ್ತಾ, ಬೀನ್ಸ್ ಡಬ್ಬ ತಂದುಕೊಟ್ಟವರಿಗೆ ಧನ್ಯವಾದ.

‘ಇದೆಂಥಾ ಸುದ್ದಿ ಮಾರಾಯ್ರೇ’ ಅಂತ ಯಜಮಾನರಿಗೆ ತೋರಿಸಿ ನಕ್ಕಿದ್ದೆ. ಈಗ ಮೂರನೇ ವರ್ಷ. ಆ ಪತ್ರ ಬರುವುದು ಹತ್ತು ನಿಮಿಷ ತಡವಾದರೆ ನನಗೇ ಏನೋ ಕಳೆದುಕೊಂಡ ಹಾಗೆ. ಈ ಬದಲಾವಣೆ ಹೇಗಾಯಿತು ಅಂತ ಹೇಳಬೇಕಾದರೆ ಕಳೆದ ಜನವರಿಯ ಒಂದು ವಾರದ ಕತೆ ಹೇಳಬೇಕು.

ಸೋಮವಾರ: ಕತ್ತಲಲ್ಲಿ ಬಂದ ಫಾರಂ

ನಾವಿರುವುದು ಸ್ಕಾಟ್ಲೆಂಡಿನ ವೆಸ್ಟ್ ಲೋಥಿಯನ್‌ನಲ್ಲಿ, ರಾಜಧಾನಿ ಎಡಿನ್‌ಬರ್ಗ್‌ಗೆ ಹತ್ತಿರ. ಜನವರಿ ಕೊನೆಯಲ್ಲಿ ಇಲ್ಲಿ ಬೆಳಗ್ಗೆ ಎಂಟೂಕಾಲಾದರೂ ಸೂರ್ಯ ಕಾಣುವುದಿಲ್ಲ, ಸಂಜೆ ನಾಲ್ಕೂವರೆಯ ಆಸುಪಾಸಿಗೆ ಮುಳುಗಿಯೇ ಬಿಡುತ್ತಾನೆ. ಮಕ್ಕಳು ಬ್ಲೇಜರ್, ಟೈ ಹಾಕಿಕೊಂಡು, ಅದರ ಮೇಲೊಂದು ದಪ್ಪ ಜಾಕೆಟ್ ಏರಿಸಿಕೊಂಡು ಬೀದಿದೀಪದ ಬೆಳಕಲ್ಲೇ ಶಾಲೆಗೆ ನಡೆಯುತ್ತವೆ. ದೂರದವರಿಗೆ ಬಸ್ಸು. 2022ರ ಜನವರಿ ಕೊನೆಯಿಂದ ಸ್ಕಾಟ್ಲೆಂಡಿನಲ್ಲಿ 22 ವರ್ಷದೊಳಗಿನ ಎಲ್ಲರಿಗೂ ಬಸ್ ಪ್ರಯಾಣ ಉಚಿತ. ಒಂದು ಕಾರ್ಡು ತೋರಿಸಿದರೆ ಆಯಿತು.

ಇಲ್ಲಿ ಪ್ರೈಮರಿ ಏಳು ವರ್ಷ. ಹನ್ನೆರಡರ ಆಸುಪಾಸಿನಲ್ಲಿ ಮಕ್ಕಳು ಸೆಕೆಂಡರಿಗೆ ಬರುತ್ತವೆ. ಅಲ್ಲಿ ಎಸ್1ರಿಂದ ಎಸ್6ರವರೆಗೆ ಆರು ವರ್ಷ. ಬಹುಪಾಲು ಮಕ್ಕಳು ಓದುವುದು ಸರ್ಕಾರಿ ಶಾಲೆಯಲ್ಲೇ. ಮನೆಯ ವಿಳಾಸ ಯಾವ ಶಾಲೆಯ ವ್ಯಾಪ್ತಿಗೆ ಬರುತ್ತದೋ ಆ ಶಾಲೆ. ಡಾಕ್ಟರ ಮಗನೂ, ಬಸ್ ಡ್ರೈವರ್ ಮಗಳೂ ಒಂದೇ ಬೆಂಚು. ಡೊನೇಶನ್ ಇಲ್ಲ, ಎಂಟ್ರೆನ್ಸ್ ಇಲ್ಲ. ಮೊದಲ ಮೂರು ವರ್ಷ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಸುತ್ತಾರೆ: ವಿಜ್ಞಾನ, ಚರಿತ್ರೆ, ಸಂಗೀತ, ಮರಗೆಲಸ, ಅಡುಗೆ, ನಾಟಕ. ಎಸ್4ರಿಂದ ಮಗು ತಾನು ಆರಿಸಿಕೊಂಡ ಆರೋ ಏಳೋ ವಿಷಯ ಮಾತ್ರ. ಅದರ ಕೊನೆಗೆ ನ್ಯಾಷನಲ್ 5 ಎಂಬ ಪರೀಕ್ಷೆ. ನಮ್ಮ ಎಸ್‌ಎಸ್‌ಎಲ್‌ಸಿ ಅಂತ ಇಟ್ಟುಕೊಳ್ಳಿ. ಮುಂದಿನ ವರ್ಷ ‘ಹೈಯರ್’. ಯೂನಿವರ್ಸಿಟಿಗೆ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಅದು. ಆರನೇ ವರ್ಷ ಬೇಕಾದವರಿಗೆ ‘ಅಡ್ವಾನ್ಸ್ಡ್ ಹೈಯರ್’. ಹದಿನಾರಾದ ಮೇಲೆ ಶಾಲೆ ಬಿಡುವವರು ಬಿಡಬಹುದು.

ಆ ಸೋಮವಾರ ಮಗಳ ಬ್ಯಾಗಿನಲ್ಲಿ ಬಂದದ್ದು ಈ ವಿಷಯ ಆರಿಸುವ ಫಾರಂ. ಶುಕ್ರವಾರದೊಳಗೆ ತುಂಬಿ ಕೊಡಬೇಕು. ಇಂಗ್ಲಿಷು, ಗಣಿತ ಕಡ್ಡಾಯ. ಉಳಿದ ನಾಲ್ಕು ಅಂಕಣಕ್ಕೆ ನನ್ನ ತಲೆಯಲ್ಲಿ ಹೆಸರುಗಳು ಆಗಲೇ ಕೂತಿದ್ದವು: ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಕಂಪ್ಯೂಟರ್. ಹಾಸನದಲ್ಲಿ ಪಿಯುಸಿಗೆ ಪಿಸಿಎಂಬಿ ಬಿಟ್ಟು ಬೇರೆಯದನ್ನು ಯೋಚಿಸಿದ್ದರೆ ನನ್ನಪ್ಪ ಎರಡು ದಿನ ಊಟ ಬಿಡುತ್ತಿದ್ದರು.

ಮಗಳು ಪೆನ್ಸಿಲ್ಲಿನಲ್ಲಿ ಬರೆದಿದ್ದಳು: ಕೆಮಿಸ್ಟ್ರಿ, ಫ್ರೆಂಚ್, ಮಾಡರ್ನ್ ಸ್ಟಡೀಸ್, ಪ್ರಾಕ್ಟಿಕಲ್ ಕೇಕ್ ಕ್ರಾಫ್ಟ್.

‘ಕೇಕಾ?’ ಅಂದೆ. ಬೇರೆ ಮಾತೇ ಹೊರಡಲಿಲ್ಲ.

ಮಂಗಳವಾರ: ಕೇಕಿಗೂ ಪರೀಕ್ಷೆ

ನಾನು ತಮಾಷೆ ಮಾಡುತ್ತಿಲ್ಲ. ನ್ಯಾಷನಲ್ 5ರಲ್ಲಿ ಗಣಿತಕ್ಕೆ ಪರೀಕ್ಷೆ ಇರುವ ಹಾಗೆ ಕೇಕಿಗೂ ಇದೆ. ಕೊಟ್ಟ ವಿಷಯಕ್ಕೆ ತಕ್ಕ ಹಾಗೆ ಕೇಕಿನ ವಿನ್ಯಾಸ ಬರೆಯಬೇಕು, ಬೇಯಿಸಬೇಕು, ಅಲಂಕರಿಸಬೇಕು, ಕೊನೆಗೆ ಎಲ್ಲಿ ಸರಿಯಾಯಿತು ಎಲ್ಲಿ ತಪ್ಪಿತು ಅಂತ ತಾನೇ ವಿಮರ್ಶೆ ಮಾಡಬೇಕು. ಮರಗೆಲಸಕ್ಕೂ ಹೀಗೇ ಒಂದು ಕೋರ್ಸು ಇದೆ. ಹೋಂ ಎಕನಾಮಿಕ್ಸ್ ಕೋಣೆಯಲ್ಲಿ ಸಾಲಾಗಿ ಒಲೆ, ಓವನ್. ಹುಡುಗರೂ ಏಪ್ರನ್ ಕಟ್ಟಿಕೊಂಡು ಈರುಳ್ಳಿ ಹೆಚ್ಚುತ್ತಾರೆ. ಪಕ್ಕದ ಮನೆಯ ಹುಡುಗ ಆರಡಿ ಎತ್ತರ, ರಗ್ಬಿ ಆಡುವವನು. ಮೊನ್ನೆ ನನಗೆ ಲೆಂಟಿಲ್ ಸೂಪಿಗೆ ಕ್ಯಾರೆಟ್ ಯಾವಾಗ ಹಾಕಬೇಕು ಅಂತ ಪಾಠ ಹೇಳಿದ. ನಮ್ಮ ಬೇಳೆಸಾರಿನ ಅಣ್ಣತಮ್ಮನೇ ಅದು, ಖಾರ ಇಲ್ಲ ಅಷ್ಟೆ!

ಅಮ್ಮಂದಿರಿಗೆ ಇನ್ನೊಂದು ವಿಷಯ ಹೇಳಲೇಬೇಕು. ಶಾಲೆಯ ಹುಡುಗಿಯರ ಟಾಯ್ಲೆಟ್‌ನಲ್ಲಿ ಪ್ಯಾಡುಗಳ ಬುಟ್ಟಿ ಇಟ್ಟಿರುತ್ತಾರೆ. ಯಾರನ್ನೂ ಕೇಳುವ ಹಾಗಿಲ್ಲ, ಬೇಕಾದಷ್ಟು ತೆಗೆದುಕೊಳ್ಳಬಹುದು. 2018ರಿಂದ ಶಾಲೆ ಕಾಲೇಜುಗಳಲ್ಲಿ ಉಚಿತವಾಗಿ ಕೊಡುತ್ತಾ ಬಂದದ್ದನ್ನು ಸ್ಕಾಟ್ಲೆಂಡ್ 2021ರಲ್ಲಿ ಕಾನೂನೇ ಮಾಡಿತು. 2022ರ ಆಗಸ್ಟಿನಲ್ಲಿ ಅದು ಜಾರಿಗೆ ಬಂತು. ಬೇಕಾದವರಿಗೆಲ್ಲ ಪ್ಯಾಡು ಉಚಿತವಾಗಿ ಸಿಗಲೇಬೇಕು ಅಂತ ಕಾನೂನು ಮಾಡಿದ ಮೊದಲ ದೇಶ ಇದು. ನಮ್ಮ ಕಾಲದಲ್ಲಿ ಡೆಸ್ಕಿಗೆ ಅಂಟಿಕೊಂಡು ಕೂತು, ಕೊನೆಯ ಬೆಲ್ ಆದ ಮೇಲೆ ಗೆಳತಿಯನ್ನು ಹಿಂದೆ ನಡೆಸಿಕೊಂಡು ಮನೆಗೆ ಹೋದ ದಿನಗಳು ನೆನಪಾಗಿ ಗಂಟಲು ಕಟ್ಟಿತು.

ಆದರೂ ಕೇಕು? ರಾತ್ರಿ ಮತ್ತೆ ವಾದ. ‘ಕೇಕ್ ಬಿಡು, ಮಾಡರ್ನ್ ಸ್ಟಡೀಸ್ ಅಂದ್ರೆ ಏನು? ಅದನ್ನ ಓದಿ ಏನಾಗ್ತೀಯ?’ ಅಂದೆ.

ಸಮಾಜ, ಸರ್ಕಾರ, ಅಪರಾಧ, ಬಡತನ, ಬೇರೆ ದೇಶಗಳ ರಾಜಕೀಯ ಇವುಗಳನ್ನು ಕಲಿಸುವ ಈ ವಿಷಯ ಸ್ಕಾಟ್ಲೆಂಡಿನ ಶಾಲೆಗಳ ವಿಶೇಷ. ಪತ್ರಿಕೆಯಲ್ಲಿ ಬಂದ ಅಂಕಿಅಂಶ ಕೊಟ್ಟು ‘ಈ ಮಾತು ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ’ ಅಂತ ಕೇಳುತ್ತಾರಂತೆ.

ಮಗಳು ನಿಧಾನವಾಗಿ ಹೇಳಿದಳು: ‘ಅಮ್ಮಾ, ಇನ್ನೆರಡು ವರ್ಷಕ್ಕೆ ನಂಗೆ ಓಟು ಬರತ್ತೆ. ಯಾರಿಗೆ ಹಾಕ್ಬೇಕು ಅಂತ ನಿನ್ನ ಕೇಳ್ಲಾ, ಇಲ್ಲಾ ನಾನೇ ತಿಳ್ಕೊಳ್ಲಾ?’

ಅವಳ ಮಾತು ಸುಳ್ಳಲ್ಲ. 2014ರ ಸ್ವಾತಂತ್ರ್ಯದ ಜನಮತಗಣನೆಯಲ್ಲಿ ಸ್ಕಾಟ್ಲೆಂಡ್ ಹದಿನಾರು ತುಂಬಿದವರಿಗೂ ಓಟು ಕೊಟ್ಟಿತು. ಆಮೇಲೆ ಸ್ಕಾಟಿಷ್ ಪಾರ್ಲಿಮೆಂಟಿಗೂ, ಊರಿನ ಕೌನ್ಸಿಲಿಗೂ ಅದೇ ವಯಸ್ಸು ಖಾಯಂ ಆಯಿತು. ಇಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ನಮ್ಮಂಥ ಹೊರದೇಶದವರೂ ಆ ಚುನಾವಣೆಗಳಲ್ಲಿ ಓಟು ಹಾಕಬಹುದು. ನಾನು ಓಟು ಹಾಕಿದ್ದೆ ನಿಜ. ಯಾವ ಪಕ್ಷ ಏನು ಹೇಳುತ್ತದೆ ಅಂತ ಓದಿ ಹಾಕಿದ್ದೆನೇ? ಅದನ್ನು ಮಗಳ ಮುಂದೆ ಒಪ್ಪಿಕೊಳ್ಳಲಿಲ್ಲ, ಬಿಡಿ.

ಬುಧವಾರ: ನನ್ನ ಕಡೆ ತಿರುಗದ ಕುರ್ಚಿ

ಬುಧವಾರ ಸಂಜೆ ಪೇರೆಂಟ್ಸ್ ಈವನಿಂಗ್. ಒಬ್ಬೊಬ್ಬ ಟೀಚರಿಗೆ ಐದೇ ನಿಮಿಷ. ಮಗುವೂ ಜೊತೆಯಲ್ಲಿ ಕೂರುತ್ತದೆ. ಕೆಮಿಸ್ಟ್ರಿ ಟೀಚರು ‘ನ್ಯಾಷನಲ್ 5ಗೆ ಸಿದ್ಧಳಾಗಿದ್ದಾಳೆ’ ಅಂದರು. ‘ಎಷ್ಟು ಪರ್ಸೆಂಟ್?’ ಅಂದೆ. ಇಲ್ಲಿ ಸುಮಾರು ಎಪ್ಪತ್ತು ಬಂದರೆ ‘ಎ’ ಗ್ರೇಡು. ಎಪ್ಪತ್ತಕ್ಕೆ ‘ಎ’ ಅಂದರೆ ನಮ್ಮ ಕಡೆಯವರು ಟೀಚರನ್ನೇ ಅನುಮಾನದಿಂದ ನೋಡುತ್ತಾರೆ! ತೊಂಬತ್ತೆಂಟಕ್ಕೆ ಅತ್ತವರು ನಾವು.

ಕೊನೆಯ ಭೇಟಿ ಗೈಡೆನ್ಸ್ ಟೀಚರದ್ದು. ಪ್ರತಿ ಮಗುವಿಗೂ ಹೀಗೊಬ್ಬ ಟೀಚರ್ ಇರುತ್ತಾರೆ. ಪಾಠದ ಜೊತೆಗೆ ಮಗುವಿನ ಸುಖ ದುಃಖ, ಹಾಜರಿ, ಗೆಳೆತನ, ಮುಂದಿನ ದಾರಿ ಎಲ್ಲ ಅವರ ಕೆಲಸ. ನಮ್ಮವಳಿಗೆ ಎಸ್1ರಿಂದ ಇವರೇ. ನಾನು ಫಾರಂ ತೆಗೆದು ಮೇಜಿನ ಮೇಲಿಟ್ಟು ಬಾಯಿ ತೆರೆಯುವಷ್ಟರಲ್ಲಿ ಅವರು ಕುರ್ಚಿಯನ್ನು ಮಗಳ ಕಡೆಗೆ ತಿರುಗಿಸಿಕೊಂಡರು. ‘ನೀನು ಹೇಳು, ಇವುಗಳನ್ನು ಯಾಕೆ ಆರಿಸಿದೆ?’

ಮಗಳು ಹೇಳಿದಳು. ಕೆಮಿಸ್ಟ್ರಿ ಇಷ್ಟ, ಫಿಸಿಕ್ಸ್ ಅಷ್ಟಿಲ್ಲ. ಫ್ರೆಂಚ್ ಸುಲಭವಾಗಿ ಬರುತ್ತದೆ, ಮನೆಯಲ್ಲಿ ಮೊದಲೇ ಎರಡು ಭಾಷೆ ಇದೆಯಲ್ಲ. ಮಾಡರ್ನ್ ಸ್ಟಡೀಸ್ ಕ್ಲಾಸಿನಲ್ಲಿ ಮಾತಾಡುವುದಕ್ಕೆ ಭಯ ಆಗುವುದಿಲ್ಲ. ಕೇಕು ಯಾಕೆಂದರೆ ವಾರದಲ್ಲಿ ಎರಡು ಮೂರು ಪೀರಿಯಡ್ ಆದರೂ ಕೈಗೆ ಕೆಲಸ ಬೇಕು.

ಟೀಚರು ನಕ್ಕು ನನ್ನ ಕಡೆ ನೋಡಿದರು. ‘ಮೊದಲ ವರ್ಷ ಇವಳು ಎರಡು ತಿಂಗಳು ಲಂಚ್ ಹೊತ್ತಿನಲ್ಲಿ ಲೈಬ್ರರಿಯಲ್ಲೇ ಇರುತ್ತಿದ್ದಳು, ನೆನಪಿದೆಯಾ? ಈಗ ನೋಡಿ, ಡಿಬೇಟ್ ಕ್ಲಬ್ಬಿನಲ್ಲಿ ದೊಡ್ಡ ಮಕ್ಕಳ ಜೊತೆ ವಾದಕ್ಕೆ ನಿಲ್ಲುತ್ತಾಳೆ.’

ನನಗೆ ನೆನಪಿರುವುದು ಹೇಗೆ? ಗೊತ್ತೇ ಇರಲಿಲ್ಲ.

ಮನೆಗೆ ನಡೆದು ಬರುವಾಗ ಕೇಳಿದೆ. ‘ಯಾಕೆ ಹೇಳ್ಲಿಲ್ಲ ಪುಟ್ಟಿ?’ ಅವಳು ಮಂಜಿನಲ್ಲಿ ಕಾಲು ಜಾರದಂತೆ ನನ್ನ ತೋಳು ಹಿಡಿದುಕೊಂಡು ಹೇಳಿದಳು: ‘ನೀನು ದಿನಾ ಬಂದ ತಕ್ಷಣ ಟೆಸ್ಟ್ ಇತ್ತಾ, ಎಷ್ಟು ಬಂತು ಅಂತ ಕೇಳ್ತಿದ್ದೆ. ಊಟ ಯಾರ ಜೊತೆ ಮಾಡ್ದೆ ಅಂತ ಕೇಳ್ಲಿಲ್ವಲ್ಲಮ್ಮಾ.’

ಆಮೇಲೆ ಮನೆ ಮುಟ್ಟುವವರೆಗೆ ನಾನು ಮಾತಾಡಲಿಲ್ಲ.

ಗುರುವಾರ: ಹ್ಯಾಗಿಸ್, ಅಜ್ಜಿ ಮತ್ತು ಚರ್ಮದ ಪಟ್ಟಿ

ಜನವರಿ 25 ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನ. 1759ರಲ್ಲಿ ರೈತನ ಮನೆಯಲ್ಲಿ ಹುಟ್ಟಿದ ಈತ ಇವರ ನಾಡಕವಿ ಇದ್ದ ಹಾಗೆ. ಆ ವಾರ ಶಾಲೆಯಲ್ಲಿ ಸ್ಕಾಟ್ಸ್ ಭಾಷೆಯ ಪದ್ಯ ಹೇಳುವುದು, ಬ್ಯಾಗ್‌ಪೈಪ್, ಕ್ಯಾಂಟೀನಿನಲ್ಲಿ ಹ್ಯಾಗಿಸ್. ಹ್ಯಾಗಿಸ್ ಅಂದರೆ ಕುರಿಯ ಗುಂಡಿಗೆ, ಪಿತ್ತಜನಕಾಂಗ ಮುಂತಾದವನ್ನು ಓಟ್ಸ್ ಜೊತೆ ಬೇಯಿಸಿದ್ದು. ನಮ್ಮಂಥವರಿಗೆ ಬೇಳೆ, ತರಕಾರಿ, ಓಟ್ಸ್ ಹಾಕಿದ ಸಸ್ಯಾಹಾರಿ ಹ್ಯಾಗಿಸ್ ಇದೆ. ಮೆಣಸು ಮುಂದಾಗಿರುವ ಉಪ್ಪಿಟ್ಟು ಅಂದುಕೊಂಡು ತಿಂದರೆ ಚೆನ್ನಾಗಿಯೇ ಇರುತ್ತದೆ.

ಸ್ಕಾಟ್ಸ್ ಮಾತು ನಮ್ಮನೆಗೂ ಬಂದಿದೆ. ಹೌದು ಅನ್ನುವುದಕ್ಕೆ ‘ಆಯ್’, ಚಿಕ್ಕದಕ್ಕೆಲ್ಲ ‘ವೀ’. ಗೆಳತಿಯ ಅಮ್ಮ ‘ಮೆಸೇಜಸ್’ ತರಲು ಹೋದರು ಅಂದಾಗ ಫೋನಿನ ಮೆಸೇಜು ಅಂದುಕೊಂಡಿದ್ದೆ. ಇಲ್ಲಿ ಅದಕ್ಕೆ ದಿನಸಿ ಸಾಮಾನು ಅಂತ ಅರ್ಥ! ಒಂದು ಕಾಲದಲ್ಲಿ ಈ ಮಾತನ್ನು ಶಾಲೆಯಲ್ಲಿ ಆಡಿದರೆ ‘ಸರಿಯಾಗಿ ಮಾತಾಡು’ ಅಂತ ಬೈಸಿಕೊಳ್ಳಬೇಕಿತ್ತು. ಈಗ ಸ್ಕಾಟ್ಸ್ ಕಲಿತರೂ ಸರ್ಟಿಫಿಕೇಟು ಸಿಗುತ್ತದೆ. ಉರ್ದುವಿಗೂ ನ್ಯಾಷನಲ್ 5, ಹೈಯರ್ ಪರೀಕ್ಷೆ ಇವೆ. ಕನ್ನಡಕ್ಕಿಲ್ಲ. ನಮ್ಮ ಕನ್ನಡದ ಪರೀಕ್ಷೆ ಗುರುವಾರ ಸಂಜೆ, ಹಾಸನದಿಂದ ಅತ್ತೆಯ ವಿಡಿಯೋ ಕಾಲ್ ಬಂದಾಗ.

‘ಪುಟ್ಟಿ, ಕ್ಲಾಸಿಗೆ ಎಷ್ಟನೇವಳು ನೀನು?’

‘ಅಜ್ಜಿ, ಇಲ್ಲಿ ಹಂಗೆ ಹೇಳಲ್ಲ.’

‘ಹೇಳ್ದಿದ್ರೆ ಓದೋದು ಹೆಂಗೆ? ಮೇಷ್ಟ್ರು ಹೊಡೆಯೋದೂ ಇಲ್ವಂತೆ?’

ಈಗ ಇಲ್ಲ. ಆದರೆ ಬಹಳ ಹಿಂದಿನ ಮಾತೂ ಅಲ್ಲ. ಸ್ಕಾಟ್ಲೆಂಡಿನ ಮೇಷ್ಟ್ರು ತುದಿ ಸೀಳಿದ ದಪ್ಪ ಚರ್ಮದ ಪಟ್ಟಿಯಿಂದ ಮಕ್ಕಳ ಅಂಗೈಗೆ ಹೊಡೆಯುತ್ತಿದ್ದರು. ಫೈಫ್ ಪ್ರಾಂತ್ಯದ ಲಾಖ್‌ಗೆಲ್ಲಿ ಎಂಬ ಊರು ಆ ಪಟ್ಟಿ ತಯಾರಿಕೆಗೇ ಹೆಸರಾಗಿತ್ತು. ಅದನ್ನು ನಿಲ್ಲಿಸಿದ್ದರಲ್ಲಿ ಇಬ್ಬರು ಅಮ್ಮಂದಿರ ಪಾಲು ದೊಡ್ಡದು. 1976ರಲ್ಲಿ ಒಬ್ಬ ಹುಡುಗ ಮನೆಗೆ ಹೋಗುವಾಗ ಸ್ಮಶಾನದ ಒಳದಾರಿ ಹಿಡಿದ ಅಂತ ಅವನಿಗೆ ಪಟ್ಟಿಯ ಏಟಿನ ಶಿಕ್ಷೆ ಆಯಿತು. ಅಪ್ಪನ ಮಾತು ಕೇಳಿ ಅವನು ಕೈ ಒಡ್ಡಲಿಲ್ಲ. ಶಾಲೆಯಿಂದ ಹೊರಗೆ ಹಾಕಿದರು. ಅವನ ತಾಯಿ ಶ್ರೀಮತಿ ಕೋಸನ್ಸ್, ಇನ್ನೊಬ್ಬ ತಾಯಿ ಶ್ರೀಮತಿ ಕ್ಯಾಂಪ್‌ಬೆಲ್ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು. 1982ರಲ್ಲಿ ನ್ಯಾಯಾಲಯ ತಾಯಂದಿರ ಪರ ತೀರ್ಪು ಕೊಟ್ಟಿತು. ಮಗುವಿಗೆ ಹೊಡೆಯಬಾರದು ಎಂಬ ಹೆತ್ತವರ ನಂಬಿಕೆಯನ್ನು ಸರ್ಕಾರ ಗೌರವಿಸಬೇಕು ಅಂದಿತು. 1987ರಿಂದ ಸರ್ಕಾರಿ ಶಾಲೆಗಳಲ್ಲಿ ಹೊಡೆಯುವುದೇ ಕಾನೂನಿಗೆ ವಿರುದ್ಧವಾಯಿತು.

ಇದನ್ನೆಲ್ಲ ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ನಿನ್ನ ಗಂಡಂಗೂ ಒಂದ್ಸಲ ಹಂಗೇ ಹೊಡೆದಿದ್ರು ಕಣಮ್ಮ, ಕೈ ಬಾತಿತ್ತು. ನಾನು ಹೋಗಿ ಕೇಳ್ಲಿಲ್ಲ. ಕೇಳ್ಬೋದಿತ್ತು’ ಅಂದರು.

ಎಲ್ಲವೂ ಹಾಲುಜೇನಲ್ಲ

ಹೊರದೇಶದ ಶಾಲೆ ಅಂದರೆ ಸ್ವರ್ಗ ಅಂತ ಬರೆದರೆ ನಿಮಗೆ ಮೋಸ ಮಾಡಿದ ಹಾಗೆ. ವಾರಪತ್ರದಲ್ಲಿ ಫುಡ್ ಬ್ಯಾಂಕಿನ ಹೆಸರು ಪದೇ ಪದೇ ಬರುವುದು ಸುಮ್ಮನೆ ಅಲ್ಲ. ಹೊಟ್ಟೆ ತುಂಬದ ಮನೆಗಳು ಈ ದೇಶದಲ್ಲೂ ಇವೆ. ಆದಾಯ ಕಡಿಮೆ ಇರುವ ಮನೆಗಳಿಗೆ ಯೂನಿಫಾರ್ಮಿಗೆ ಸಹಾಯಧನ ಇದೆ. ಹದಿನಾರು ದಾಟಿಯೂ ಓದು ಮುಂದುವರಿಸುವ ಬಡಮನೆಯ ಮಕ್ಕಳಿಗೆ ವಾರಕ್ಕೆ 30 ಪೌಂಡ್ ಭತ್ಯೆ ಇದೆ. ಆದರೂ ಉಳ್ಳವರ ಮಕ್ಕಳ ಫಲಿತಾಂಶಕ್ಕೂ ಇಲ್ಲದವರ ಮಕ್ಕಳ ಫಲಿತಾಂಶಕ್ಕೂ ಇರುವ ಅಂತರ ಇನ್ನೂ ಮುಚ್ಚಿಲ್ಲ. ಕ್ಲಾಸಿನಲ್ಲಿ ಮೊಬೈಲಿನ ಕಾಟ ಇಲ್ಲೂ ಇದೆ. 2024ರಲ್ಲಿ ಸರ್ಕಾರವೇ ‘ಬೇಕಾದರೆ ಪೂರ್ತಿ ನಿಷೇಧಿಸಿ’ ಅಂತ ಹೆಡ್‌ಮಾಸ್ಟರುಗಳಿಗೆ ಹೇಳಿತು. ಸಂಬಳದ ವಿಷಯಕ್ಕೆ 2022ರ ನವೆಂಬರಿನಲ್ಲಿ ಟೀಚರುಗಳು ಮುಷ್ಕರ ಹೂಡಿ ಶಾಲೆಗಳೇ ಮುಚ್ಚಿದ್ದವು.

ರ‍್ಯಾಂಕ್ ಇಲ್ಲ ಅಂದ ಮಾತ್ರಕ್ಕೆ ಮಾರ್ಕ್ಸಿನ ಸಂಕಟ ಇಲ್ಲ ಅಂತಲೂ ಅಲ್ಲ. 2020ರಲ್ಲಿ ಕೊರೊನಾದಿಂದ ಪರೀಕ್ಷೆ ನಡೆಯಲಿಲ್ಲ. ಟೀಚರುಗಳು ಅಂದಾಜು ಮಾಡಿ ಗ್ರೇಡು ಕೊಟ್ಟರು. ಪರೀಕ್ಷಾ ಮಂಡಳಿ ಶಾಲೆಯ ಹಳೆಯ ಫಲಿತಾಂಶಗಳನ್ನೂ ನೋಡಿ ಸುಮಾರು 1,24,000 ಗ್ರೇಡುಗಳನ್ನು ಇಳಿಸಿತು. ಹೈಯರ್ ಪರೀಕ್ಷೆಯಲ್ಲಿ ತೀರಾ ಬಡ ಪ್ರದೇಶದ ಮಕ್ಕಳ ಪಾಸಿನ ಪ್ರಮಾಣ ಟೀಚರುಗಳ ಅಂದಾಜಿಗಿಂತ ಶೇಕಡಾ 15ರಷ್ಟು ಕೆಳಗಿಳಿದರೆ, ಶ್ರೀಮಂತ ಪ್ರದೇಶದವರದ್ದು ಶೇಕಡಾ 7ರಷ್ಟು. ‘ನನ್ನ ಮಾರ್ಕ್ಸು ನನ್ನ ಪಿನ್‌ಕೋಡಿನಿಂದ ಯಾಕೆ?’ ಅಂತ ಮಕ್ಕಳು ಗ್ಲಾಸ್ಗೋದ ಜಾರ್ಜ್ ಸ್ಕ್ವೇರಿಗೆ ಬಂದರು. ಫಲಿತಾಂಶ ಬಂದದ್ದು ಆಗಸ್ಟ್ 4ಕ್ಕೆ. ಆಗಸ್ಟ್ 11ಕ್ಕೆ ಆಗಿನ ಶಿಕ್ಷಣ ಸಚಿವ ಜಾನ್ ಸ್ವಿನ್ನಿ ಇಳಿಸಿದ ಗ್ರೇಡುಗಳನ್ನೆಲ್ಲ ಹಿಂದಕ್ಕೆ ಪಡೆದರು. ಮಗಳಿಗೆ ಈ ಕತೆ ಹೇಳಿಕೊಟ್ಟದ್ದು ಮಾಡರ್ನ್ ಸ್ಟಡೀಸ್ ಕ್ಲಾಸಿನಲ್ಲೇ. ‘ಹದಿನಾರು ಹದಿನೇಳರ ಮಕ್ಕಳು ಒಂದು ವಾರದಲ್ಲಿ ಸರ್ಕಾರದ ತೀರ್ಮಾನ ಬದಲಾಯಿಸಿದ್ರು ಅಮ್ಮ’ ಅಂದಾಗ ಅವಳ ಕಣ್ಣು ಹೊಳೆಯುತ್ತಿತ್ತು.

ಶುಕ್ರವಾರ: ಅರ್ಧ ದಿನ, ಒಂದು ಸಹಿ

ನಮ್ಮ ಕಡೆಯ ಶಾಲೆಗಳಲ್ಲಿ ಶುಕ್ರವಾರ ಅರ್ಧ ದಿನ. ಉಳಿದ ನಾಲ್ಕು ದಿನ ಸ್ವಲ್ಪ ಹೆಚ್ಚು ಹೊತ್ತು ನಡೆಸಿ ಅದನ್ನು ಸರಿದೂಗಿಸುತ್ತಾರೆ. ಬೆಳಗ್ಗೆ ಹೊರಡುವ ಮುಂಚೆ ಮಗಳು ಫಾರಂ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಪೆನ್ಸಿಲ್ಲಿನ ಮೇಲೆ ಈಗ ಪೆನ್ನಿನಲ್ಲಿ ಬರೆದಿತ್ತು. ಅದೇ ನಾಲ್ಕು ವಿಷಯ.

ರಾತ್ರಿಯೆಲ್ಲ ಲೆಕ್ಕ ಹಾಕಿದ್ದೆ. ಕೆಮಿಸ್ಟ್ರಿ ಇದೆ, ಹಾಗಾಗಿ ವಿಜ್ಞಾನದ ಬಾಗಿಲು ಪೂರ್ತಿ ಮುಚ್ಚಿಲ್ಲ. ಎಸ್5, ಎಸ್6ರಲ್ಲಿ ಹೊಸ ವಿಷಯ ಹಿಡಿಯಲು ಅನೇಕ ಶಾಲೆಗಳಲ್ಲಿ ಅವಕಾಶ ಇದೆ. ಹದಿನಾಲ್ಕಕ್ಕೆ ಆರಿಸಿದ್ದೇ ಹಣೆಬರಹ ಅಲ್ಲ. ಇಷ್ಟಾದರೂ ಸಹಿ ಹಾಕುವಾಗ ಕೈ ಒಂದು ಕ್ಷಣ ತಡೆಯಿತು. ಆ ಕ್ಷಣದಲ್ಲಿ ಕಣ್ಣ ಮುಂದೆ ಬಂದದ್ದು ಫಿಸಿಕ್ಸ್ ಅಲ್ಲ. ಹನ್ನೆರಡು ವರ್ಷದ ಹುಡುಗಿ, ಹೊಸ ಬ್ಲೇಜರಿನ ತೋಳು ಉದ್ದವಾಗಿದೆ, ಲೈಬ್ರರಿಯ ಮೂಲೆಯಲ್ಲಿ ಒಬ್ಬಳೇ ಕೂತಿದ್ದಾಳೆ.

ಸಹಿ ಹಾಕಿದೆ.

ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕುವಾಗ ಫೋನು ‘ಟಿಣ್’ ಅಂದಿತು. ದೊಡ್ಡ ಮಕ್ಕಳ ಪ್ರಿಲಿಮ್ ಪರೀಕ್ಷೆ ನಡೆಯುತ್ತಿದೆ, ಕಾರಿಡಾರಿನಲ್ಲಿ ಸದ್ದು ಮಾಡಬೇಡಿ. ಒಂಟಿ ಕೈಗವಸುಗಳು ಇನ್ನೂ ಕಾಯುತ್ತಿವೆ. ಬರ್ನ್ಸ್ ಪದ್ಯ ಹೇಳಿದ ಎಲ್ಲರಿಗೂ ಅಭಿನಂದನೆ. ಕೆಳಗೊಂದು ಸಾಲು: ಎಸ್3 ಮಕ್ಕಳು ಕೇಕ್ ಮಾರಿ ಬಂದ ಹಣವನ್ನು ಫುಡ್ ಬ್ಯಾಂಕಿಗೆ ಕೊಟ್ಟಿದ್ದಾರೆ. ಯಾರ ಹೆಸರೂ ಇಲ್ಲ. ಆದರೆ ಗುರುವಾರ ರಾತ್ರಿ ಹನ್ನೊಂದರವರೆಗೆ ನಮ್ಮ ಅಡುಗೆಮನೆಯಲ್ಲಿ ಏಲಕ್ಕಿ ಘಮ ಇದ್ದದ್ದು ಯಾಕೆ ಅಂತ ನನಗೆ ಗೊತ್ತಿತ್ತು. ಮೂರು ವರ್ಷದಿಂದ ನಾನು ಹುಡುಕುತ್ತಿದ್ದ ಮಗಳ ಸುದ್ದಿ ಇದೇ ಪತ್ರದಲ್ಲಿ ಹೀಗೆ, ಹೆಸರಿಲ್ಲದೆ, ಎಷ್ಟು ಸಲ ಬಂದು ಹೋಗಿತ್ತೋ.

ಬಾಗಿಲು ತೆರೆದುಕೊಂಡಿತು. ‘ಇವತ್ತು ಊಟಕ್ಕೆ ಮುಂಚೆ ಯಾರ ಜೊತೆ ಹರಟೆ ಹೊಡೆದೆ?’ ಅಂತ ಕೇಳಿದೆ. ಅವಳು ಶೂ ಬಿಚ್ಚುತ್ತಾ ಶುರುಮಾಡಿದ್ದು ಅನ್ನ ಸಾರು ಮುಗಿದು ಮಜ್ಜಿಗೆಗೆ ಬಂದರೂ ನಿಂತಿರಲಿಲ್ಲ.

ಅಷ್ಟರಲ್ಲಿ ಹಾಸನದಿಂದ ಮತ್ತೆ ಫೋನು. ಫೋನು ಕಸಿದುಕೊಂಡ ಮಗಳು, ‘ಅಜ್ಜಿ, ರ‍್ಯಾಂಕ್ ಕೇಳ್ಬೇಡ. ನಾನು ಮಾಡಿದ ಕೇಕು ಹತ್ತೇ ನಿಮಿಷದಲ್ಲಿ ಖಾಲಿ ಆಯ್ತು ಗೊತ್ತಾ?’ ಅಂದಳು.

ಆ ಕಡೆಯಿಂದ ಅತ್ತೆ ಗಂಭೀರವಾಗಿ ಕೇಳಿದರು: ‘ಅದೆಲ್ಲಾ ಇರ್ಲಿ. ಮೊಟ್ಟೆ ಹಾಕಿದ್ದಾ, ಹಾಕ್ದೆ ಇರೋದಾ?’